ಶೇವಂತಾ ಏನಂದಳು

ನನಗೆ ಸಿನೆಮಾದ ಹೀರೋಗಳನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಮೂರು ತಾಸಿನ ಸಿನೆಮಾದಲ್ಲಿ ಎರಡೂವರೆ ತಾಸು ಅದೇ ಮುಖ, ಅದೇ ಕೂದಲು. ಅವನ ಹಿಂದೆ ಕೊಡ ಹೊತ್ತು ಹೋಗುವ ಹೆಂಗಸು, ಅವನಿಗೆ ಸಲಾಂ ಹೊಡೆಯುವ ಪೇದೆ, ಅವನ ಕೈಯಲ್ಲಿ ಏಟು ತಿಂದು ಸಂತೆಯ ಟೊಮ್ಯಾಟೊ ರಾಶಿಯ ಮೇಲೆ ಬೀಳುವ ಗೂಂಡಾ, ಇವರ ಹೆಸರು ಯಾರಾದರೂ ಕೇಳುತ್ತಾರೆಯೇ? ನಾನು ಟಾಕೀಸಿಗೆ ಹೋಗುವುದೇ ಇವರನ್ನು ನೋಡಲಿಕ್ಕೆ. ಸಿನೆಮಾ ಮುಗಿದು ಜನ ಎದ್ದು ಹೊರಟರೂ ನಾನು ಕೂತೇ ಇರುತ್ತೇನೆ, ಹೆಸರುಗಳ ಪಟ್ಟಿ ಪೂರಾ ಮೇಲೆ ಹೋಗುವವರೆಗೆ. ನಿಪ್ಪಾಣಿಯಲ್ಲಿ ಕಸ ಹೊಡೆಯುವಾಕೆ ನನ್ನ ಕಾಲ ಬುಡಕ್ಕೇ ಪೊರಕೆ ಹಾಕಿ, "ಏಳ್ರಿ ಸಾಹುಕಾರ್ರ, ಮುಗೀತು" ಅಂದದ್ದುಂಟು. ಚಿಕ್ಕೋಡಿಯಲ್ಲಿ ಒಮ್ಮೆ ಪಟ್ಟಿ ಅರ್ಧಕ್ಕೆ ಬರುವಾಗಲೇ ಆಪರೇಟರ್ ಪರದೆ ಆರಿಸಿಬಿಟ್ಟ. ಮೇಲೆ ಹತ್ತಿ ಹೋಗಿ ಅವನ ಜೊತೆ ಜಗಳ ಆಡಿ ಬಂದೆ.

ನನ್ನ ಹೆಸರು ಭೀಮಗೊಂಡ ಮಗದುಮ. ಮಹಾರಾಷ್ಟ್ರದ ಗಡಿಗೆ ಹತ್ತಿದ ಬೋರಗಾಂವದಲ್ಲಿ ನನ್ನದು ಇಪ್ಪತ್ನಾಲ್ಕು ಮಗ್ಗದ ಪಾವರ್‌ಲೂಮ್ ಶೆಡ್. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಹೆಂಡತಿ ಮಂಗಲ ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಇರಬಹುದು. ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ಖಟಖಟ ಅನ್ನುವ ಜಾಗದಲ್ಲಿ ಮೂವತ್ತು ವರ್ಷ ಕಳೆದವನ ಸ್ವಭಾವ ಮೆತ್ತಗಿರಬೇಕು ಅಂದರೆ ಹೇಗೆ?

ಆ ಸದ್ದಿನ ಬಗ್ಗೆ ನಾಲ್ಕು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಶೆಡ್ಡಿನೊಳಗೆ ಮಾತು ಕೇಳಿಸುವುದಿಲ್ಲ. ಕಿವಿಯ ಹತ್ತಿರ ಬಂದು ಕೂಗಿದರೂ ಅಷ್ಟಕ್ಕಷ್ಟೇ. ಹಾಗಂತ ಜನ ಮಾತು ಬಿಡುತ್ತಾರೆಯೇ? ದನಿ ತೆಗೆಯದೆ ಬಾಯಿ ಮಾತ್ರ ಆಡಿಸುತ್ತಾರೆ, ಎದುರಿನವರು ಬಾಯಿ ನೋಡಿ ತಿಳಿದುಕೊಳ್ಳುತ್ತಾರೆ. ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ತಿಂಗಳು ಪಿಳಿಪಿಳಿ ನೋಡುತ್ತಾರೆ. ಆರು ತಿಂಗಳು ಕಳೆದರೆ ಈ ತುದಿಯಿಂದ ಆ ತುದಿಗೆ ಅತ್ತೆಯ ಚಾಡಿ, ಮಗಳ ಮದುವೆ, ಪಕ್ಕದ ಮನೆಯ ಜಗಳ ಎಲ್ಲ ಸಾಗುತ್ತದೆ. ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಬರೀ ತುಟಿ ಆಡಿಸಿದರೆ ಸಾಲದು. ದನಿಯಲ್ಲಿ ಬರಬೇಕಾದ ಸಿಟ್ಟು, ನಗು, ಸಂಶಯ ಎಲ್ಲ ಮುಖದಲ್ಲೇ ಬರಬೇಕು. ಊರಲ್ಲಿ ಇದಕ್ಕೆ ಶೆಡ್ಡಿನ ಮಾತು ಅನ್ನುತ್ತಾರೆ.

ಈ ಶೆಡ್ಡಿನ ಮಾತಿನಲ್ಲಿ ಶೇವಂತಾಳನ್ನು ಮೀರಿಸಿದವರು ನಮ್ಮಲ್ಲಿ ಯಾರೂ ಇಲ್ಲ. ಆಕೆ ಕೂರುವುದು ಕಾಂಡಿ ಮಶೀನಿಗೆ, ಅಂದರೆ ಲಾಳಿಯೊಳಗೆ ಇಡುವ ಕಾಂಡಿಗಳಿಗೆ ನೂಲು ಸುತ್ತುವ ಯಂತ್ರಕ್ಕೆ. ಗಂಡ ತುಕಾರಾಮ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದವನು, ಕಬ್ಬು ಅರೆಯುವ ಹಂಗಾಮು ಶುರುವಾದರೆ ಎಂಟು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ. ಶೇವಂತಾ ತೆಳ್ಳಗೆ, ಕಪ್ಪಗೆ, ನೋಡಲು ಸಾಧಾರಣ ಹೆಂಗಸು. ಆದರೆ ಮಶೀನಿನ ಹಿಂದೆ ಕೂತು ಆಕೆ ತನ್ನ ಅತ್ತೆ ರೇಶನ್ ಅಂಗಡಿಯಲ್ಲಿ ಮಾಡಿದ ಜಗಳ ಹೇಳತೊಡಗಿದರೆ, ಹನ್ನೆರಡನೇ ಮಗ್ಗದವನು ಕೂಡ ನೂಲು ಕಡಿದದ್ದನ್ನು ಮರೆತು ನೋಡುತ್ತಾ ನಿಲ್ಲುತ್ತಿದ್ದ. ಅತ್ತೆಯೂ ಆಕೆಯೇ, ಅಂಗಡಿಯವನೂ ಆಕೆಯೇ, ಸಾಲಿನಲ್ಲಿ ನಿಂತು ಬೇಸತ್ತ ಮುದುಕನೂ ಆಕೆಯೇ.

2001ರಲ್ಲಿ ದೂಧಗಂಗೆಯ ದಂಡೆಯ ಮೇಲೆ ಕೊಲ್ಹಾಪುರದವರು ಒಂದು ಮರಾಠಿ ಸಿನೆಮಾದ ಶೂಟಿಂಗ್ ಮಾಡಿದರು. ಹೆಣದ ಮುಂದೆ ಅಳಲು ಹತ್ತು ಹೆಂಗಸರು ಬೇಕಾಗಿದ್ದರು. ನಮ್ಮ ಶೆಡ್ಡಿನವರೂ ಹೋದರು. ಒಂಬತ್ತು ಮಂದಿ ಎದೆ ಬಡಿದುಕೊಂಡು ಬೊಬ್ಬೆ ಹೊಡೆದರು. ಶೇವಂತಾ ಸತ್ತವನ ಚಪ್ಪಲಿ ಎತ್ತಿ, ಅದರ ಮಣ್ಣು ಸೆರಗಿನಿಂದ ಒರೆಸಿ, ಬಾಗಿಲ ಪಕ್ಕ ಜೋಡಿಸಿ ಇಟ್ಟಳು. ಕ್ಯಾಮೆರಾದವನು ಹೀರೋನನ್ನು ಬಿಟ್ಟು ಆಕೆಯ ಕಡೆ ತಿರುಗಿಸಿದ. ನಾನು ಅಲ್ಲೇ ಬೇಲಿಯ ಹತ್ತಿರ ನಿಂತಿದ್ದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆಕೆಗೇ ಹೊಳೆದದ್ದು.

ಅಂದಿನಿಂದ ವರ್ಷಕ್ಕೆ ಎರಡು ಮೂರು ಸಲ ಆಕೆಗೆ ಕರೆ ಬರತೊಡಗಿತು. ಮನೆಗೆಲಸದವಳು, ಸೂಲಗಿತ್ತಿ, ಜೈಲಿನಲ್ಲಿದ್ದವನ ತಾಯಿ, ಇಂಥವೇ. ಎರಡು ನಿಮಿಷ, ಹೆಚ್ಚೆಂದರೆ ನಾಲ್ಕು. ಪಟ್ಟಿಯಲ್ಲಿ ಹೆಸರು ಇಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದೇನೆ, ಇಲ್ಲ ಅಂದರೆ ಇಲ್ಲ. ಇನ್ನೊಂದು ಅನ್ಯಾಯ ಅಂದರೆ ದನಿ. ಶೇವಂತಾಳ ಮರಾಠಿಯಲ್ಲಿ ನಮ್ಮ ಬೋರಗಾಂವದ ಕನ್ನಡ ಇಣುಕುತ್ತದೆ ಅಂತ ಪ್ರತಿ ಸಲ ಪುಣೆಯ ಯಾರೋ ಒಬ್ಬಾಕೆಯ ದನಿ ಕೂಡಿಸುತ್ತಿದ್ದರು. ಒಮ್ಮೆ ಅಥಣಿಯ ಕಡೆ ಕನ್ನಡದವರು ಸಿನೆಮಾ ತೆಗೆದರು. ಅವರು ಆಕೆಯ ಕನ್ನಡದಲ್ಲಿ ಮರಾಠಿ ಇದೆ ಅಂದು ಬೆಂಗಳೂರಿನ ದನಿ ಹಾಕಿದರು. ಎರಡು ಭಾಷೆ ಬಲ್ಲವಳಿಗೆ ಎರಡರಲ್ಲೂ ಬಾಯಿ ಇಲ್ಲ. ನನಗೆ ತಲೆ ಕೆಟ್ಟುಹೋಗುತ್ತಿತ್ತು.

ದನಿ ಆಮೇಲೆ ಕೂಡಿಸುತ್ತಾರಲ್ಲ, ಹಾಗಾಗಿ ಶೂಟಿಂಗ್ ಹೊತ್ತಿನಲ್ಲಿ ಸಣ್ಣ ಪಾತ್ರದವರು ಏನು ಹೇಳಿದರೂ ನಡೆಯುತ್ತದೆ. ಒಂದು, ಎರಡು, ಮೂರು ಅಂತ ಎಣಿಸಿದರೂ ಸಾಕು ಅನ್ನುತ್ತಾರೆ. ಶೇವಂತಾ ಎಣಿಸುತ್ತಿರಲಿಲ್ಲ. "ಎಣಿಸಿದ್ರ ಮಾರಿನೂ ಎಣಿಸಿದಂಗ ಕಾಣತೈತ್ರಿ" ಅನ್ನುತ್ತಿದ್ದಳು. ಆ ಗಳಿಗೆಗೆ ಹೊಂದುವ ತನ್ನದೇ ಮಾತು, ಅದೂ ಕನ್ನಡದಲ್ಲಿ, ಹೇಳಿಬಿಡುತ್ತಿದ್ದಳು. ತುಟಿಗೂ ದನಿಗೂ ಹೊಂದದಿದ್ದರೆ ಯಾರಿಗೇನು? ಆಕೆಯ ತುಟಿ ನೋಡುವವರು ಯಾರು?

ನಾವಿದ್ದೆವು. ಒಂದು ಸಿನೆಮಾದಲ್ಲಿ ಆಕೆ ವಾಡೆಯ ಯಜಮಾನತಿಗೆ ಚಹಾ ಕೊಡುತ್ತಾಳೆ. ಪುಣೆಯ ದನಿ ವಿನಯದಿಂದ "ಜೀ ಬಾಯಿಸಾಹೇಬ" ಅನ್ನುತ್ತದೆ. ತುಟಿ ಮಾತ್ರ "ನಿನ್ನಿ ಚಹಾ ಐತಿ, ಕುಡೀ" ಅನ್ನುತ್ತದೆ. ನಿಪ್ಪಾಣಿಯ ಟಾಕೀಸಿನಲ್ಲಿ ಬೋರಗಾಂವದ ಎರಡು ಸಾಲು ಹೋ ಅಂತ ನಕ್ಕವು, ಉಳಿದವರು ಇವರಿಗೇನು ಹುಚ್ಚೋ ಅಂತ ತಿರುಗಿ ನೋಡಿದರು.

ಪ್ರತಿ ಸಿನೆಮಾ ನೋಡಿದ ಮರುದಿನ ನಾನು ಕಾಂಡಿ ಮಶೀನಿನ ಮುಂದೆ ನಿಂತು ತಪ್ಪು ಹೇಳುತ್ತಿದ್ದೆ. ಕೊಡ ಇಳಿಸುವಾಗ ಕುತ್ತಿಗೆ ಗಟ್ಟಿ ಆಯಿತು, ಬಾಗಿಲು ತೆಗೆಯುವ ಮೊದಲೇ ಹೊರಗೆ ಯಾರಿದ್ದಾರೆ ಅಂತ ಗೊತ್ತಿದ್ದವಳ ಹಾಗೆ ನೋಡಿದಿ, ಇಂಥವು. ಆಕೆ ನೂಲು ಸುತ್ತುತ್ತಾ ನನ್ನ ಬಾಯಿ ನೋಡುತ್ತಿದ್ದಳು. ಒಪ್ಪಿದರೆ ತಲೆ ಆಡಿಸುತ್ತಿದ್ದಳು, ಒಪ್ಪದಿದ್ದರೆ ಮೂಗು ಮುರಿಯುತ್ತಿದ್ದಳು. ಹೊಗಳಿದ್ದು ನನಗೆ ನೆನಪಿಲ್ಲ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

2005ರ ಮಹಾಪೂರಕ್ಕೆ ಮುಂಚಿನ ಬೇಸಿಗೆ. ಶೇವಂತಾಳ ಬಳಿ ಆಗ ಫೋನು ಇರಲಿಲ್ಲ. ಶೂಟಿಂಗಿನವರ ಕರೆ, ಕಾಗದ, ಜನ ಎಲ್ಲ ನನ್ನ ಆಫೀಸಿಗೇ ಬರುತ್ತಿತ್ತು. ಆಫೀಸು ಅಂದರೆ ಶೆಡ್ಡಿನ ಒಂದು ಮೂಲೆಗೆ ಹಾಕಿಸಿದ ಗಾಜಿನ ಗೂಡು. ಸದ್ದು ಒಳಗೆ ಬರಬಾರದು, ಆದರೆ ನನ್ನ ಕಣ್ಣಿಗೆ ಎಲ್ಲ ಮಗ್ಗವೂ ಬೀಳಬೇಕು ಅಂತ ದಪ್ಪ ಗಾಜು ಹಾಕಿಸಿದ್ದೆ. ಬೀದಿಯ ಕಡೆಗೆ ಅದಕ್ಕೆ ಬೇರೆ ಬಾಗಿಲು.

ಆ ಬಾಗಿಲಿನಿಂದ ಕಾಕಾಸಾಹೇಬ ಅನ್ನುವ ಕೊಲ್ಹಾಪುರದ ಸಿನೆಮಾ ಕಂಪನಿಯ ಮ್ಯಾನೇಜರ್ ಬಂದ. ಶೆಡ್ಡಿಗೆ ಬೆನ್ನು ಹಾಕಿ, ನನ್ನೆದುರು ಕೂತ. ಮಾತೆಲ್ಲ ಮರಾಠಿಯಲ್ಲಿ. ಹೊಸ ಸಿನೆಮಾ, ಗಡಿಯ ಊರಿನ ಒಬ್ಬ ತಾಯಿಯ ಕಥೆ, ಇಡೀ ಸಿನೆಮಾ ಆ ತಾಯಿಯದೇ. ಮೂವತ್ತು ದಿನದ ಕೆಲಸ. ನಿರ್ದೇಶಕರು ಚಪ್ಪಲಿ ಒರೆಸುವ ಹೆಂಗಸನ್ನು ನೋಡಿ, ಇವಳೇ ಬೇಕು ಅಂದಿದ್ದಾರಂತೆ. ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದೇ ಅಂದ.

"ದನಿ?" ಅಂತ ಕೇಳಿದೆ.

"ಅದೇ ದನಿ ಬೇಕು" ಅಂದ. "ಗಡಿಯ ಹೆಂಗಸು ಗಡಿಯ ಹಾಗೇ ಮಾತಾಡಬೇಕು ಅಂತ ನಿರ್ದೇಶಕರ ಹಟ."

"ಆಕೆಯ ದನಿಯೂ ಬೇಕಾ?" ಅಂತ ನಾನು ಇನ್ನೊಮ್ಮೆ ಕೇಳಿದೆ, ನಂಬಿಕೆ ಬರದೆ.

ಅವನು ಹೂಂ ಅಂದ. ನಾನು ಚಹಾ ತರಿಸಿದೆ. ಆಮೇಲೆ ಹೇಳಿದೆ: "ಆಕೆ ಈಗ ಇಲ್ಲ. ಗಂಡನ ಜೊತೆ ಊರು ಬಿಟ್ಟು ಹೋಗಿದ್ದಾಳೆ. ಎಲ್ಲಿ ಅಂತ ಗೊತ್ತಿಲ್ಲ."

ಕಾಕಾಸಾಹೇಬ ಚಹಾ ಕುಡಿದು, ಹಳಹಳಿಸಿ, ಹೋದ.

ಕೈಯಲ್ಲಿ ದೊಡ್ಡ ಆರ್ಡರ್ ಇತ್ತು, ಕಾಂಡಿ ಸುತ್ತುವವರು ಇಲ್ಲದಿದ್ದರೆ ಮಗ್ಗ ನಿಲ್ಲುತ್ತಿದ್ದವು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಾಂಡಿ ಮಶೀನಿಗೆ ಇನ್ನೊಬ್ಬಳನ್ನು ಕೂರಿಸಲು ಒಂದು ದಿನ ಸಾಕು. ನಿಜ ಏನೆಂದರೆ, ಆಕೆ ಹೋದರೆ ತಿರುಗಿ ಬರುವುದಿಲ್ಲ ಅಂತ ನನಗೆ ಖಚಿತ ಇತ್ತು. ಆಕೆ ಎಂಥ ನಟಿ ಅಂತ ಬಲ್ಲವನು ನಾನೊಬ್ಬನೇ ಆಗಿದ್ದೆ. ಇಡೀ ಮಹಾರಾಷ್ಟ್ರಕ್ಕೆ ಅದು ಗೊತ್ತಾದ ಮೇಲೆ ನನ್ನ ಆ ಜಂಬಕ್ಕೆ ಬೆಲೆ ಎಲ್ಲಿ? ತಿಳಿಯದವರು ಅನ್ಯಾಯ ಮಾಡಿದರೆ ಕ್ಷಮಿಸಬಹುದು. ನಾನು ತಿಳಿದೇ ಮಾಡಿದೆ.

ಆ ಪಾತ್ರ ಬೇರೊಬ್ಬಳಿಗೆ ಹೋಯಿತು. ಆಕೆಗೆ ದೊಡ್ಡ ಪ್ರಶಸ್ತಿ ಬಂತು, ಪೇಪರಿನಲ್ಲಿ ಫೋಟೋ ಬಂತು. ಅಥಣಿಯಲ್ಲಿ ತಂಗಿಯ ಮನೆಗೆ ಹೋದಾಗ ಆ ಸಿನೆಮಾದ ಸಿ.ಡಿ. ಹಾಕಿಸಿ ನೋಡಿದೆ. ಚೆನ್ನಾಗಿಯೇ ಮಾಡಿದ್ದಳು. ಆದರೆ ಅಳುವ ಜಾಗದಲ್ಲಿ ಎರಡೂ ಕೈ ಮೇಲೆತ್ತಿದ್ದಳು. ಶೇವಂತಾ ಎತ್ತುತ್ತಿರಲಿಲ್ಲ. ಆ ಹೊತ್ತು ನಾನು ಉಣ್ಣಲಿಲ್ಲ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ಸಿ.ಡಿ. ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು, ಹಾಗಾಗಿ ಯಾಕೆ ಅಂತ ಯಾರೂ ಕೇಳಲಿಲ್ಲ.

ಆಮೇಲೆ ಕರೆ ಬಂದಾಗ, ಊರಿಗೆ ತಿರುಗಿ ಬಂದಿದ್ದಾಳೆ ಅಂದೆ, ಯಾವ ಶೂಟಿಂಗಿಗೂ ಬೇಡ ಅನ್ನಲಿಲ್ಲ. ಆರ್ಡರ್ ಇದ್ದರೂ ಕಳಿಸಿದೆ. "ಮಾಲಕ್ರು ಬಾಳ ಚೊಲೋ ಆಗ್ಯಾರ" ಅಂತ ಜಾಬರ್ ಲಗಮಣ್ಣ ನಗುತ್ತಿದ್ದ. ಜಾಬರ್ ಅಂದರೆ ಮಗ್ಗ ಕೆಟ್ಟರೆ ರಿಪೇರಿ ಮಾಡುವವನು. ಶೆಡ್ಡಿನಲ್ಲಿ ನನ್ನ ನಂತರ ಅವನದೇ ಮಾತು. ಪೇಪರುಗಳಿಗೆ ಪತ್ರ ಬರೆದೆ, ಇಂಥ ಕಲಾವಿದೆ ನಮ್ಮ ಊರಿನಲ್ಲಿದ್ದಾಳೆ, ಆಕೆಯ ಹೆಸರು ಹಾಕಿ ಅಂತ. ಒಂದೂ ಅಚ್ಚಾಗಲಿಲ್ಲ. 2011ರಲ್ಲಿ ಶೇವಂತಾ ಮೊಬೈಲ್ ಕೊಂಡಳು. ಮೊದಲು ಮಾಡಿದ ಕೆಲಸ ಅಂದರೆ ಕೊಲ್ಹಾಪುರದವರಿಗೆಲ್ಲ ತನ್ನ ನಂಬರ್ ಕೊಟ್ಟು, ಇನ್ನು ಶೆಡ್ಡಿಗೆ ಫೋನು ಮಾಡಬೇಡಿ ಅಂದದ್ದು. ನಾನು ಅದರಲ್ಲೇನೂ ಹುಡುಕಲಿಲ್ಲ.

2016ರಲ್ಲಿ ಒಂದು ಶೂಟಿಂಗ್ ಮುಗಿಸಿ ಬಂದವಳು ನೇರ ಆಫೀಸಿಗೆ ಬಂದಳು.

"ಮಾಲಕ್ರ, ಈ ಸಲ ದೊಡ್ಡ ಸೀನ್ ಐತ್ರಿ. ಎರಡ ನಿಮಿಷ ನನ್ನ ಮಾರಿ ಒಂದ ತೋರಸ್ತಾರ. ನೀವು ನೋಡಾಕ ಬರ್ರಿ. ತಪ್ಪಸಬ್ಯಾಡ್ರಿ ಮತ್ತ."

ಹದಿನೈದು ವರ್ಷದಲ್ಲಿ ಆಕೆ ನನ್ನನ್ನು ಕರೆದದ್ದು ಅದೇ ಮೊದಲು. ನಾನಾಗಿ ಹೋಗುತ್ತಿದ್ದೆ ಅಷ್ಟೇ. ನನಗೆ ಎಷ್ಟು ಹಿಗ್ಗಾಯಿತೆಂದರೆ, ಮನೆಗೆ ಹೋಗಿ ಮಂಗಲಗೆ ಹೇಳಿದೆ, ಈ ಸಲ ಆಕೆಯ ಸತ್ಕಾರ ಮಾಡಿಯೇ ತೀರುತ್ತೇನೆ ಅಂತ. ಒಳಗೊಳಗೇ ಇನ್ನೊಂದು ಲೆಕ್ಕವೂ ಇತ್ತು: ನಾಲ್ಕು ಜನರೆದುರು ಶಾಲು ಹೊದಿಸಿದರೆ ಹಳೆಯದು ತೀರೀತು.

ಸಿನೆಮಾ ನಿಪ್ಪಾಣಿಗೆ ಬಂದ ವಾರ, ಶೆಡ್ಡಿಗೆ ರಜೆ ಇದ್ದ ದಿನ, ಮಧ್ಯಾಹ್ನದ ಆಟಕ್ಕೆ ಎರಡು ಟೆಂಪೊ ಮಾಡಿ ಎಲ್ಲರನ್ನೂ ಕರೆದುಕೊಂಡು ಹೋದೆ. ಟಾಕೀಸಿನ ಮ್ಯಾನೇಜರನ ಕೈಕಾಲು ಹಿಡಿದು, ಆಟ ಮುಗಿದ ಮೇಲೆ ಹತ್ತು ನಿಮಿಷ ಪರದೆಯ ಮುಂದೆ ಜಾಗ ಕೇಳಿಕೊಂಡಿದ್ದೆ, ಒಂದು ಮೈಕೂ ಕೊಟ್ಟಿದ್ದ. ಗೇಟಿನ ಹೊರಗೆ "ಬೋರಗಾಂವದ ಅಭಿಮಾನ" ಅಂತ ಫ್ಲೆಕ್ಸ್. ಚೀಲದಲ್ಲಿ ಶಾಲು, ತೆಂಗಿನಕಾಯಿ, ಕೊಲ್ಹಾಪುರಿ ಫೇಟಾ. ತುಕಾರಾಮ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಶೇವಂತಾ ನೀಲಿ ಸೀರೆ ಉಟ್ಟು ನನ್ನ ಮುಂದಿನ ಸಾಲಿನಲ್ಲಿ ಕೂತಳು, ತಿರುಗಿ ಒಮ್ಮೆ ನೋಡಿದಳು, ನಾನು ಬಂದಿದ್ದೇನೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳುವವಳ ಹಾಗೆ.

ಮಧ್ಯಂತರ ಆಗಿ ಅರ್ಧ ತಾಸಿಗೆ ಆ ಸೀನು ಬಂತು. ಕಥೆಯಲ್ಲಿ ಆಕೆಯ ಮಗನನ್ನು ಕಳ್ಳ ಅಂತ ಹಿಡಿದಿದ್ದಾರೆ. ಆಕೆ ಊರ ಪಾಟೀಲನ ಕಟ್ಟೆಯ ಮುಂದೆ ಬಂದು ನಿಲ್ಲುತ್ತಾಳೆ. ಪಾಟೀಲ ಕಾಣುವುದಿಲ್ಲ, ಪರದೆಯ ತುಂಬ ಶೇವಂತಾಳ ಮುಖ. ಪುಣೆಯ ದನಿ ಶುರುವಾಯಿತು. ಮೆತ್ತಗಿನ, ಮಿಠಾಯಿಯಂಥ ದನಿ. ಯಜಮಾನರೇ, ನನ್ನ ಮಗ ಅಂಥವನಲ್ಲ, ಅವನನ್ನು ಬಿಡಿಸಿರಿ, ನಿಮ್ಮ ಮನೆಯ ಅಂಗಳ ಗುಡಿಸಿಕೊಂಡಿರುತ್ತೇನೆ ಅಂತ.

ತುಟಿ ಬೇರೆ ಹೇಳುತ್ತಿತ್ತು.

"ಮಾಲಕ್ರ, ನಾ ಅವತ್ತ ಇಲ್ಲೇ ಇದ್ನಿ. ಊರ ಬಿಟ್ಟ ಹೋಗಿದ್ದಿಲ್ಲ."

ಮೊದಲ ಗಳಿಗೆ ನನಗೆ ತಿಳಿಯಲಿಲ್ಲ. ಪಾತ್ರಕ್ಕೆ ಹೊಂದುವ ಏನೋ ಹೇಳುತ್ತಿದ್ದಾಳೆ ಅಂದುಕೊಂಡೆ.

"ಕಾಂಡಿ ಮಶೀನ ಮುಂದ ಕುಂತಿದ್ನಿ. ನೀವು ಗಾಜಿನ ಒಳಗ ಕುಂತ, ಆಕಿ ಇಲ್ಲ ಅಂದ್ರಿ. ನಾ ನಿಮ್ಮ ಬಾಯಿ ನೋಡಿದ್ನಿ."

ಆ ಗಾಜು ಹಾಕಿಸಿದ್ದು ನಾನು. ಸದ್ದು ಹೊರಗೆ ಹೋಗುವುದಿಲ್ಲ ಅಂತ ನಿಶ್ಚಿಂತೆಯಿಂದ ಮಾತಾಡಿದವನು ನಾನು. ಬಾಯಿ ನೋಡಿ ಮಾತು ತಿಳಿಯುವ ಇಪ್ಪತ್ತು ಜನರ ಎದುರಿಗೆ ಮುಖ ಮಾಡಿ ಕೂತು, ಗುಟ್ಟು ಆಡಿದ್ದೆ. ಇಡೀ ದಿನ ಅದೇ ಶೆಡ್ಡಿನಲ್ಲಿ, ಅದೇ ಮಾತು ಆಡುವವನಿಗೆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇದು ಹೊಳೆದಿರಲಿಲ್ಲ. ಮಾಲಕನಾದವನಿಗೆ ತಾನು ಜನರನ್ನು ನೋಡುವುದು ಗೊತ್ತಿರುತ್ತದೆ, ಜನ ತನ್ನನ್ನು ನೋಡುತ್ತಾರೆ ಅನ್ನುವುದು ಗೊತ್ತಿರುವುದಿಲ್ಲ.

ಪುಣೆಯ ದನಿ ಅಳುತ್ತಿತ್ತು. ಟಾಕೀಸಿನ ತುಂಬ ಮೂಗು ಎಳೆದುಕೊಳ್ಳುವ ಸದ್ದು. ಪರದೆಯ ಮೇಲೆ ಶೇವಂತಾ ಅಳುತ್ತಿರಲಿಲ್ಲ.

"ಆಕಿ ದನಿನೂ ಬೇಕಾ ಅಂತ ಎರಡ ಸಲ ಕೇಳಿದ್ರಿ. ನನ್ನ ದನಿ ಬೇಕಂತ ಬಂದಿದ್ರಲ್ರಿ ಅವ್ರು? ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಹನ್ನೊಂದ ವರ್ಷ ಕಾದ್ನಿ. ಒಮ್ಮಿ ನನ್ನ ಕೇಳಬೇಕಿತ್ರಿ ಮಾಲಕ್ರ. ಅಷ್ಟ ದಿನ ಮನಿ ಬಿಟ್ಟ ಇರಾಕ ಆಗೂದಿಲ್ಲ, ನಾ ಒಲ್ಲೆ ಅಂತಿದ್ನೇನೋ. ಆದ್ರ ನನ್ನ ಕೇಳಬೇಕಿತ್ರಿ."

ಪರದೆಯ ಮೇಲೆ ಆಕೆ ಕಣ್ಣು ಕೆಳಗೆ ಹಾಕಿದಳು, ಸೀನು ಮುಗಿಯಿತು. ಯಾರೋ ಹಿಂದಿನಿಂದ ಚಪ್ಪಾಳೆ ಹೊಡೆದರು. ನಮ್ಮ ಎರಡು ಸಾಲಿನಲ್ಲಿ ಯಾರೂ ಅಲುಗಲಿಲ್ಲ. ನನ್ನ ಕಡೆ ತಿರುಗಿ ನೋಡುತ್ತಾರೆ ಅಂತ ಕಾದೆ. ಒಬ್ಬರೂ ನೋಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಪಕ್ಕದಲ್ಲಿದ್ದ ಲಗಮಣ್ಣನ ಕಿವಿಯಲ್ಲಿ, "ಶೆಡ್ಡಿನಾಗ ಮತ್ತ್ಯಾರಿಗೆ ಗೊತ್ತೈತೋ?" ಅಂದೆ.

"ಎಲ್ಲಾರಿಗೂ ಗೊತ್ತೈತ್ರಿ" ಅಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ಅವತ್ತಿನಿಂದನ ಗೊತ್ತೈತಿ. ನೀವು ಗಾಜಿನಾಗ ಕುಂತ ಅಂದದ್ದು ಯಾವುದ ಗೊತ್ತಿಲ್ಲರಿ ನಮಗ?"

ಶೆಡ್ಡಿನ ಮಾತು ಬಾರದ ತುಕಾರಾಮ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅದು ಬಾರದ ಮಂಗಲ ಈ ಕಡೆಯಿಂದ ನನ್ನ ತೋಳು ಹಿಡಿದು, "ಏನ ಚಂದ ಮಾತಾಡ್ಯಾಳ ಬಿಡ್ರಿ!" ಅಂದಳು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಉಳಿದ ಸಿನೆಮಾ ಹೇಗೆ ಮುಗಿಯಿತೋ, ಹೆಸರುಗಳ ಪಟ್ಟಿ ಮೇಲೆ ಹೋಗುತ್ತಿತ್ತು, ನಾನು ಜೀವಮಾನದಲ್ಲಿ ಮೊದಲ ಸಲ ಅದನ್ನು ಓದಲಿಲ್ಲ. ಆಮೇಲೆ ಬೇರೆಯವರನ್ನು ಕೇಳಿದೆ. ಆ ಸಲವೂ ಆಕೆಯ ಹೆಸರು ಇರಲಿಲ್ಲ.

ದೀಪ ಹತ್ತಿತು. ಮ್ಯಾನೇಜರ್ ನನ್ನನ್ನು ಮುಂದಕ್ಕೆ ಕರೆದ. ಸತ್ಕಾರ ಅಂದ ಮೇಲೆ ನಿಪ್ಪಾಣಿಯ ಜನವೂ ಕುತೂಹಲದಿಂದ ನಿಂತರು. ಶೇವಂತಾ ಪರದೆಯ ಮುಂದೆ ಬಂದು ಕೈ ಮುಗಿದು ನಿಂತಳು. ಮಂಗಲ ಶಾಲು ಹೊದಿಸಿದಳು. ನಾನು ಮೈಕು ಹಿಡಿದೆ. ಭಾಷಣ ಬರೆದುಕೊಂಡು ಬಂದಿದ್ದೆ, ಕಿಸೆಯಲ್ಲೇ ಇತ್ತು. ಗಡಿನಾಡಿನ ಹೆಮ್ಮೆಯ ಪುತ್ರಿ ಅಂತ ಶುರುವಾಗುವ ಭಾಷಣ. ಅದನ್ನು ತೆಗೆಯಲಿಲ್ಲ.

ನಮ್ಮ ಎರಡು ಸಾಲಿನವರು ಎದುರಿಗೆ ನಿಂತಿದ್ದರು. ನಾನು ಬಾಯಿ ತೆರೆದೆ. ದನಿ ಹೊರಡಲೇ ಇಲ್ಲ. ಆದರೆ ಬಾಯಿ ನಿಲ್ಲಲಿಲ್ಲ.

"ತಪ್ಪಾತು ಶೇವಂತಾ. ಆರ್ಡರ್ ಸಲುವಾಗಿ ಅಂದದ್ದಲ್ಲ. ನೀ ದೊಡ್ಡಾಕಿ ಆಗ್ತಿ ಅಂತ ಅಂಜಿ ಅಂದೆ. ನಿನ್ನ ಕೇಳಬೇಕಿತ್ತು. ಕೇಳಲಿಲ್ಲ. ನಿನ್ನ ದನಿ ನಾ ತಿಂದೆ."

"ಆವಾಜ ಬರವಲ್ದು!" ಅಂತ ಹಿಂದಿನಿಂದ ಕೂಗಿದರು. "ಮೈಕ್ ನೋಡ್ರೆಪಾ!" ಮ್ಯಾನೇಜರ್ ಓಡಿ ಬಂದು ವೈರ್ ಅಲುಗಾಡಿಸಿದ, ಮೈಕಿನ ತಲೆಗೆ ಎರಡು ಬಡಿದ. ನಮ್ಮ ಜನ ಮಾತ್ರ ಅಲುಗದೆ ನನ್ನ ಬಾಯಿ ನೋಡುತ್ತಿದ್ದರು. ಶೇವಂತಾ ಶಾಲಿನ ಅಂಚು ಹಿಡಿದುಕೊಂಡು ನೋಡುತ್ತಿದ್ದಳು. ನಾನು ಮುಗಿಸಿದ ಮೇಲೆ ಲಗಮಣ್ಣ ಮುಂದೆ ಬಂದು, ನನ್ನ ಕೈಯಿಂದ ಮೈಕು ತೆಗೆದುಕೊಂಡ.

"ಮೈಕ್ ಸುದ್ದ ಐತ್ರಿ" ಅಂದ, ಟಾಕೀಸೆಲ್ಲ ಕೇಳುವ ಹಾಗೆ. "ನಮ್ಮ ಮಾಲಕ್ರು ಹೇಳೂದ ಹೇಳ್ಯಾರ. ಮುಗೀತ್ರಿ, ಎಲ್ಲಾರೂ ಮನಿಗಿ ನಡೀರಿ."

ಹೊರಗೆ ಗೇಟಿನ ಹತ್ತಿರ ಟೆಂಪೊಗೆ ಕಾಯುತ್ತಾ ನಿಂತೆವು. ಮಂಗಲ ಹೆಂಗಸರ ಜೊತೆ ಫ್ಲೆಕ್ಸಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ತುಕಾರಾಮ ಫೇಟಾ ತನ್ನ ತಲೆಗೇ ಸುತ್ತಿಕೊಂಡು ಎಲ್ಲರಿಗೂ ಚಹಾ ಹೇಳುತ್ತಿದ್ದ. ಶೇವಂತಾ ತೆಂಗಿನಕಾಯಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದಳು.

"ಬಾಳ ದಿವಸಕ್ಕ ಅಂದ್ರಿ ನೋಡ್ರಿ" ಅಂದಳು.

ನನಗೆ ಈಗ ದನಿ ಬಂದಿತ್ತು. "ಅಷ್ಟ ಗೊತ್ತಿದ್ದೂ ನನ್ನ ಶೆಡ್ಡಿನಾಗ ಯಾಕ ಉಳದಿ? ಊರಾಗ ಬ್ಯಾರೆ ಶೆಡ್ ಇದ್ದಿಲ್ಲೇನು? ಇಚಲಕರಂಜಿಗಿ ಹೋಗಿದ್ರ ಯಾರ ಬ್ಯಾಡ ಅಂತಿದ್ರು?"

ಆಕೆ ಕಾಯಿಯ ಜುಟ್ಟು ಕೀಳತೊಡಗಿದಳು.

"ನನ್ನ ಗಂಡ ನನ್ನ ಸಿನೆಮಾ ನೋಡಿ ಅಳತಾನ್ರಿ. ಶೆಡ್ಡಿನವ್ರು ನಗತಾರ. ಊರ ಮಂದಿ, ನಮ್ಮ ಶೇವಂತಾ ಬಂದ್ಲು ನೋಡ್ರಿ ಅಂತ ಸೀಟಿ ಹೊಡಿತಾರ. ನೋಡಾವ್ರ ಯಾರ್ರಿ? ಕುತಗಿ ಹಿಂಗ ಇಟ್ಟಿದಿ, ಕೈ ಹಿಂಗ ತಗದಿ ಅಂತ ಹೇಳಾವ್ರು ನೀವೊಬ್ರ. ನಿಮ್ಮ ಮ್ಯಾಲ ಸಿಟ್ಟ ಇತ್ರಿ, ಇನ್ನೂ ಐತಿ. ಆದ್ರ ನೀವು ನೋಡೂದ ಬಿಟ್ಟ ನಾ ಎಲ್ಲಿ ಹೋಗ್ಲಿ?"

ರಸ್ತೆಯ ಆಚೆ ನಮ್ಮ ಟೆಂಪೊ ಹಾರ್ನ್ ಹೊಡೆಯಿತು. ಆಕೆ ಹೋಗಲಿಲ್ಲ.

"ಅದೆಲ್ಲಾ ಇರ್ಲಿ. ನಾಳಿ ಶೆಡ್ಡಿನಾಗ ಹೇಳೂದ ಈಗ ಹೇಳ್ರಿ. ಹೆಂಗಿತ್ತು?"

"ಅದು ನನಗ ಅಂದದ್ದಲ್ಲೇನ?"

"ನಿಮಗ ಅಂದದ್ದ. ಹೆಂಗಿತ್ತು, ಅದನ್ನ ಕೇಳಾಕತ್ತೀನಿ."

ಹೊಗಳಿ ಪಾರಾಗಬಹುದಿತ್ತು. ಅದೊಂದು ಮೋಸ ಇವತ್ತು ಬೇಡ ಅನ್ನಿಸಿತು. ಆ ಎರಡು ನಿಮಿಷವನ್ನು ಇನ್ನೊಮ್ಮೆ ಕಣ್ಣ ಮುಂದೆ ತಂದುಕೊಂಡೆ, ನನಗೆ ಅಂದದ್ದು ಅನ್ನುವುದನ್ನು ಮರೆತು ನೋಡಲು ಪ್ರಯತ್ನ ಪಟ್ಟೆ.

"ಅಂಥಾದ್ದ ನಾ ಎಲ್ಲೂ ನೋಡಿಲ್ಲ" ಅಂದೆ. "ಆದ್ರ ಒಂದ ತಪ್ಪೈತಿ. ಕೇಳಬೇಕಿತ್ರಿ ಅಂದ ಮ್ಯಾಲ ಕಣ್ಣ ಕೆಳಗ ಹಾಕಿದಿ. ಹಾಕಬಾರದಿತ್ತು. ತಪ್ಪ ಮಾಡಿದಾವ ಅಂವ. ನೀ ಅವನ ಮಾರಿ ನೋಡಕೋಂತ ನಿಲ್ಲಬೇಕಿತ್ತು."

ಶೇವಂತಾ ಅದನ್ನು ಮನಸ್ಸಿನಲ್ಲೇ ಮಾಡಿ ನೋಡಿದಳು. ಆಕೆ ಹಾಗೆ ಮಾಡಿ ನೋಡುವಾಗ ಗಲ್ಲ ಸಣ್ಣಗೆ ಅಲುಗುತ್ತದೆ.

"ಖರೆ ಐತ್ರಿ" ಅಂದಳು. "ಹಾಕಬಾರದಿತ್ತು."

ಆಮೇಲೆ ಕಣ್ಣೆತ್ತಿ ನನ್ನ ಮುಖ ನೋಡಿದಳು, ಹಾಗೇ ನೋಡುತ್ತಾ ನಿಂತಳು. ಟೆಂಪೊ ಮತ್ತೆ ಹಾರ್ನ್ ಹೊಡೆಯಿತು, ತುಕಾರಾಮ ಕೂಗಿದ, ಆಕೆ ಕಣ್ಣು ಇಳಿಸಲಿಲ್ಲ. ನಾನು ಇಳಿಸಿದೆ.